ಸರ್ವಾಧಿಕಾರಿಗೆ ಒಂದೇ ಗುಪ್ತಚರ ಸಂಸ್ಥೆ ಏಕೆ ಸಾಲುವುದಿಲ್ಲ?

ಬೆಂಗಳೂರಿನ ಫ್ರೀಡಂ ಪಾರ್ಕಿನ ಹಳೆಯ ಜೈಲು ನೋಡಿ ಬಂದು, ಸಿರಿಯಾದ ಸರ್ವಾಧಿಕಾರಿ ಹಫೀಜ್ ಅಸಾದ್‌ಗೆ ನಾಲ್ಕು ಗುಪ್ತಚರ ಸಂಸ್ಥೆಗಳೇಕೆ ಬೇಕಿತ್ತು ಎಂದು ಕೇಳಿದ್ದೀರಿ. ಜನರನ್ನು ಹೆದರಿಸಲು ಒಂದೇ ಸಾಕು. 1975ರ ತುರ್ತುಪರಿಸ್ಥಿತಿಯಲ್ಲಿ, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿಯವರನ್ನು ಅದೇ ಜೈಲಿಗೆ ಕಳಿಸಲು ಮಾಮೂಲಿ ಪೊಲೀಸರೇ ಸಾಕಾದರು. ಹೆಚ್ಚಿನ ಸಂಸ್ಥೆಗಳು ಇರುವುದು ಒಂದರ ಮೇಲೊಂದು ಕಣ್ಣಿಡಲು. ಹಫೀಜ್ ಅಸಾದ್ ಸ್ವತಃ ವಾಯುಪಡೆಯ ಅಧಿಕಾರಿ. 1970ರಲ್ಲಿ ದಂಗೆಯಿಂದಲೇ ಗದ್ದುಗೆ ಏರಿದವನು. ಹಾವಿನ ಹೆಜ್ಜೆ ಹಾವೇ ಬಲ್ಲದು! ಅವನ ವಾಯುಪಡೆ ಗುಪ್ತಚರ ವಿಭಾಗಕ್ಕೆ ವಿಮಾನಗಳಿಗಿಂತ ವಿರೋಧಿಗಳ ಮೇಲೆಯೇ ಆಸಕ್ತಿ. ಮಿಲಿಟರಿ ಗುಪ್ತಚರ, ರಾಜಕೀಯ ಭದ್ರತೆ, ಸಾಮಾನ್ಯ ಗುಪ್ತಚರ ಎಂಬ ಉಳಿದ ಮೂರರ ಕೆಲಸವೂ ಹೆಚ್ಚುಕಡಿಮೆ ಅದೇ. ಬೇಕೆಂದೇ ಹಾಗೆ ಹೆಣೆದದ್ದು: ಯಾರೊಬ್ಬರೂ ಅರಮನೆಯನ್ನು ಒಂಟಿಯಾಗಿ ಮುತ್ತುವಷ್ಟು ಬಲಿಯಬಾರದು. ಆದರೆ ಪರಸ್ಪರ ನಂಬದ ಪಡೆಗಳು ಒಗ್ಗಟ್ಟಾಗಿ ಕಾದಾಡುವುದೂ ಕಷ್ಟವೇ. 2024ರ ಡಿಸೆಂಬರಿನಲ್ಲಿ ಬಂಡುಕೋರರು ಡಮಾಸ್ಕಸ್ ತಲುಪಿದಾಗ ಎಷ್ಟೋ ಸೈನಿಕರು ಸಮವಸ್ತ್ರ ಕಳಚಿ ಹೊರಟುಹೋದರು, ಹಫೀಜ್ ನಂತರ ಆಳುತ್ತಿದ್ದ ಮಗ ಬಷರ್ ಮಾಸ್ಕೋಗೆ ಹಾರಿದ.