ತಂಗಿಯ ಮೂರು ಸೆಂಟ್ಸ್

ಪ್ರಶ್ನೆ: ನಾವು ಮಂಗಳೂರಿನ ಪ್ರೊಟೆಸ್ಟೆಂಟರು. ನನಗೆ 47. ಅಪ್ಪ ವಿಲ್ ಬರೆಯದೆ ತೀರಿಕೊಂಡಾಗ ಒಂಬತ್ತು ಸೆಂಟ್ಸ್ ಜಾಗ ಇತ್ತು. ಅಮ್ಮ ತನ್ನ ಪಾಲನ್ನು ಮನಸ್ಸಾರೆ ನನಗೆ ಬಿಟ್ಟರು. ಶಾರ್ಜಾದಿಂದ ಬಂದಿದ್ದ ತಂಗಿಯನ್ನು ‘ಖಾತೆಗೊಂದು ಸಹಿ’ ಎಂದು ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದೆ. ಅವಳು ಓದಲಿಲ್ಲ, ನನ್ನನ್ನು ನಂಬಿದಳು. ಹನ್ನೊಂದು ವರ್ಷವಾಯಿತು, ಜಾಗ ಮಾರಿಯೂ ಆಯಿತು. ಈಗ ರಜೆಯಲ್ಲಿ ಬಂದಿದ್ದಾಳೆ. ಕಳೆದ ಭಾನುವಾರ ಪ್ರಭುಭೋಜನಕ್ಕೆ ನನ್ನ ಪಕ್ಕದಲ್ಲೇ ಮೊಣಕಾಲೂರಿ, ಜಾರಿದ ನನ್ನ ಸೆರಗನ್ನು ಸರಿಮಾಡಿದಳು. ನನ್ನ ಕೈ ನಡುಗಿತು. ಪ್ರಾರ್ಥನಾ ಕೂಟದವರು, ‘ಯೇಸು ಎಲ್ಲವನ್ನೂ ಶಿಲುಬೆಯಲ್ಲಿ ಹೊತ್ತಾಯಿತು, ಮರೆತುಬಿಡಿ’ ಎನ್ನುತ್ತಾರೆ. ಯಜಮಾನರು, ‘ಹೂತದ್ದನ್ನು ಅಗೆಯಬೇಡ’ ಎನ್ನುತ್ತಾರೆ. ನನಗೆ ರಕ್ಷಣೆ ಆಗಿದೆಯೋ ಇಲ್ಲವೋ?

ಪ್ರೀತಿಯ ಸಹೋದರಿ,

ಕೈ ನಡುಗಿದ್ದನ್ನು ಕೃಪೆ ತಪ್ಪಿದ ಗುರುತು ಎಂದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಕರ್ತನು ನಿಮ್ಮ ಕೈಬಿಟ್ಟಿದ್ದರೆ ಹನ್ನೊಂದು ವರ್ಷದ ಮೇಲೆ ಈ ಸಂಕಟವೇ ಇರುತ್ತಿರಲಿಲ್ಲ.

ಲೂಕನ ಸುವಾರ್ತೆಯ 19ನೇ ಅಧ್ಯಾಯ ಓದಿ. ಯೆರಿಕೋವಿನಲ್ಲಿ ಮರ ಹತ್ತಿ ಕೂತಿದ್ದ ಸುಂಕದ ಜಕ್ಕಾಯನನ್ನು ಯೇಸು ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲಿರಬೇಕು ಎಂದ. ಜಕ್ಕಾಯ ಅಷ್ಟರಲ್ಲಿ ಒಂದು ಕಾಸೂ ಹಿಂದಿರುಗಿಸಿರಲಿಲ್ಲ. ಆದರೆ ಯೇಸುವನ್ನು ಮನೆಗೆ ಸೇರಿಸಿಕೊಂಡ ಮೇಲೆ ಅವನಿಗೆ ಸುಮ್ಮನಿರಲಾಗಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಎಂದ. ವಂಚಿಸಿದವನು ಮೂಲಕ್ಕೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕೆಂದು ಯಾಜಕಕಾಂಡದಲ್ಲಿದೆ. ನಾಲ್ಕರಷ್ಟು ಎಂಬುದು ವಿಮೋಚನಕಾಂಡದಲ್ಲಿ ಕುರಿ ಕದ್ದವನಿಗೆ ಹೇಳಿದ ಲೆಕ್ಕ. ಯಾರೂ ಕೇಳದೆಯೇ ಜಕ್ಕಾಯ ಕಳ್ಳನ ಲೆಕ್ಕವನ್ನು ತನಗೆ ಹಾಕಿಕೊಂಡ. ಈ ಮನೆಗೆ ಈ ಹೊತ್ತು ರಕ್ಷಣೆಯಾಯಿತು ಎಂದು ಯೇಸು ಹೇಳಿದ್ದು ಅವನನ್ನು ಕುರಿತೇ.

ಕೂಟದವರ ಮಾತು ಅರ್ಧ ನಿಜ. ದೇವರ ಮುಂದಿನ ನಿಮ್ಮ ಸಾಲವನ್ನು ಯೇಸು ತೀರಿಸಿದ್ದಾನೆ, ನಂಬಿ. ತಂಗಿಯ ಪಾಲು ಮಾತ್ರ ತಂಗಿಗೆ ಇನ್ನೂ ಸೇರಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ, ವಿಲ್ ಇಲ್ಲದಿದ್ದರೆ ಹೆಂಡತಿಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮ. ಅಂದರೆ, ಮಕ್ಕಳು ನೀವಿಬ್ಬರೇ ಆದ್ದರಿಂದ, ಮೂರು ಸೆಂಟ್ಸ್ ತಂಗಿಯದು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂದವನೂ ಅದೇ ಯೇಸು.

ಹೇಗೆ ಹೇಳಲಿ ಎಂಬ ಭಯ ಇದ್ದೇ ಇರುತ್ತದೆ. ಜ್ಞಾನ ಕಡಿಮೆಯಾದವನು ಕೇಳಲಿ, ದೇವರು ಹಂಗಿಸದೆ ಕೊಡುತ್ತಾನೆ ಎನ್ನುತ್ತದೆ ಯಾಕೋಬನ ಪತ್ರಿಕೆ. ಆ ‘ಹಂಗಿಸದೆ’ ಎಂಬ ಮಾತು ನಿಮಗಾಗಿಯೇ ಇದೆ. ಮಾತು ಕೊಡು ಎಂದು ಬೇಡಿಕೊಳ್ಳಿ, ‘ಹೇಳಲೇಬೇಕೇ’ ಎಂದು ಮತ್ತೆ ಕೇಳಬೇಡಿ. ಇವತ್ತು ರಾತ್ರಿ ಯಜಮಾನರ ಜೊತೆ ಕೂತು ಲೂಕನ ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿ.

ವಾಟ್ಸಾಪ್ ಬೇಡ, ಅಮ್ಮನ ಮೂಲಕವೂ ಬೇಡ. ಆ ಬಿಡುಗಡೆ ಪತ್ರದ ನಕಲು ಹಿಡಿದು ನೀವೇ ಹೋಗಿ. ‘ಆಗ ಕಷ್ಟವಿತ್ತು’ ಎಂದು ಶುರುಮಾಡಬೇಡಿ, ಮಾಡಿದ್ದನ್ನು ಹೇಳಿ. ಇವತ್ತಿನ ಬೆಲೆಗೆ ಲೆಕ್ಕ ಹಾಕಿ, ಒಟ್ಟಿಗೆ ಕೊಡಲಾಗದಿದ್ದರೆ ಮೊದಲ ಕಂತನ್ನಾದರೂ ಜೊತೆಗೆ ಒಯ್ಯಿರಿ. ‘ದೇವರು ನನ್ನನ್ನು ಕ್ಷಮಿಸಿದ್ದಾನೆ’ ಎಂಬ ಮಾತನ್ನು ಆಕೆಯ ಮುಂದೆ ಆಡಬೇಡಿ. ಆಕೆ ಅಳಬಹುದು, ತಿಂಗಳುಗಟ್ಟಲೆ ಮಾತು ಬಿಡಬಹುದು. ಆ ಮೌನವನ್ನು ಸಹಿಸಿಕೊಳ್ಳಿ. ಆ ದಿನಗಳಲ್ಲೂ ನೀವು ಕರ್ತನ ಕೈಯಲ್ಲೇ ಇರುತ್ತೀರಿ.

ರಜೆ ಎಂದು ಮುಗಿಯುತ್ತದೆಂದು ನೀವು ಬರೆದಿಲ್ಲ. ಆಕೆ ವಿಮಾನ ಹತ್ತುವ ಮೊದಲೇ ಹೋಗಿ.