ಕೋಳಿ ಫಾರಂ ಜಾಗ, ನೊಣ, ವಾಸನೆ: ನೀವು ಕೇಳಿದ್ರಿ, ನಾವು ಹೇಳ್ತೀವಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧ ಫಾರಂ ಹಾಕೋರದ್ದು, ಇನ್ನರ್ಧ ಫಾರಂ ಪಕ್ಕದಲ್ಲಿ ಇರೋರದ್ದು. ಇಬ್ಬರ ಕಷ್ಟಾನೂ ನಿಜ, ಅದಕ್ಕೇ ಎರಡೂ ಕಡೆಯವರ ಪ್ರಶ್ನೆ ಒಟ್ಟಿಗೇ ತಗೊಂಡಿದೀನಿ, ಒಬ್ರದ್ದು ಇನ್ನೊಬ್ರು ಓದ್ಲಿ ಅಂತ.

ಪ್ರಶ್ನೆ: ಸರ್, ನಮ್ದು ಮೂರು ಎಕರೆ ಖುಷ್ಕಿ ಜಮೀನು, ಬೋರ್‌ನಲ್ಲಿ ನೀರು ಪರವಾಗಿಲ್ಲ, ಬ್ರಾಯ್ಲರ್ ಶೆಡ್ ಹಾಕಿ ಕಂಪನಿ ಜೊತೆ ಕಾಂಟ್ರ್ಯಾಕ್ಟ್ ಮಾಡ್ಕೊಳೋಣ ಅಂತಿದೀವಿ, ಮೊದಲಿಗೆ 10 ಸಾವಿರ ಮರಿ. ಗೊತ್ತಿರೋರೊಬ್ರು ಜಮೀನು ಕನ್ವರ್ಷನ್ ಮಾಡಿಸ್ಲೇಬೇಕು ಅಂತಾರೆ, ನಮ್ಮ ಮಾವ ಬೇಡವೇ ಬೇಡ ಅಂತಾರೆ, ಪಂಚಾಯ್ತಿಯಲ್ಲಿ ಕೇಳಿದ್ರೆ ಮಾಲಿನ್ಯ ಮಂಡಳಿ ಕಾಗದ ತನ್ನಿ ಅಂದ್ರು. ಯಾರ ಮಾತು ಕೇಳೋದು? ಊರಿನ ಕೊನೆ ಮನೆಯಿಂದ ನಮ್ಮ ಜಮೀನು ಸುಮಾರು 300 ಮೀಟರ್ ಆಗುತ್ತೆ.

ಉತ್ತರ: ಕನ್ವರ್ಷನ್ ವಿಷಯದಲ್ಲಿ ನಿಮ್ಮ ಮಾವ ಹೇಳಿದ್ದೇ ಸರಿ. ಕರ್ನಾಟಕ ಭೂಸುಧಾರಣಾ ಕಾಯ್ದೆ 1961ರಲ್ಲಿ ಕೃಷಿ ಅಂದ್ರೆ ಏನು ಅಂತ ಹೇಳೋ ಕಡೆ ಹೈನುಗಾರಿಕೆ ಜೊತೆಗೆ ಕೋಳಿ ಸಾಕಾಣಿಕೆಯನ್ನೂ ಸೇರಿಸಿದಾರೆ, ನಮ್ಮ ಹೈಕೋರ್ಟ್ ಕೂಡ ಕೋಳಿ ಸಾಕೋದು ಕೃಷಿ ಚಟುವಟಿಕೆನೇ, ಅದಕ್ಕೆ ಕೃಷಿಯೇತರ ಭೂಪರಿವರ್ತನೆ ಬೇಕಿಲ್ಲ ಅಂತ ಹೇಳಿದೆ. ಆದ್ರೆ ಅದೇ ಜಮೀನಲ್ಲಿ ನಾಳೆ ಫೀಡ್ ಮಿಲ್ಲೋ, ಕೋಳಿ ಕಟ್ ಮಾಡಿ ಪ್ಯಾಕ್ ಮಾಡೋ ಯೂನಿಟ್ಟೋ ಹಾಕಿದ್ರೆ ಅದು ಸಾಕಾಣಿಕೆ ಅಲ್ಲ, ಅದರ ಲೆಕ್ಕ ಬೇರೆ. ನಿಮ್ಮೂರು ಯಾವುದಾದ್ರೂ ನಗರಾಭಿವೃದ್ಧಿ ಇಲ್ಲಾ ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತಾ ಅಂತ ಒಮ್ಮೆ ನೋಡ್ಕೊಳಿ, ಬಂದ್ರೆ ಮಾಸ್ಟರ್ ಪ್ಲ್ಯಾನಲ್ಲಿ ನಿಮ್ಮ ಸರ್ವೆ ನಂಬರ್ ಯಾವ ವಲಯದಲ್ಲಿದೆ ಅಂತ ತಿಳ್ಕೊಂಡೇ ಮುಂದುವರೀಬೇಕು.

ಇನ್ನು ಮಂಡಳಿ ಕಾಗದ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಕೋಳಿ ಫಾರಂಗಳಿಗೇ ಅಂತ ಒಂದು ಮಾರ್ಗಸೂಚಿ ಮಾಡಿದಾರೆ, 2020ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಅಂದ್ರೆ ಪರಿಸರದ ಕೇಸು ನೋಡೋ ಎನ್‌ಜಿಟಿ, ಕೋಳಿ ಫಾರಂಗಳನ್ನ ಹೀಗೆ ಸುಮ್ನೆ ಬಿಡೋ ಹಾಗಿಲ್ಲ ಅಂದ ಮೇಲೆ ಅದನ್ನ ಇನ್ನೂ ಬಿಗಿ ಮಾಡಿದ್ರು. ಅದರ ಪ್ರಕಾರ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ 25 ಸಾವಿರಕ್ಕಿಂತ ಜಾಸ್ತಿ ಕೋಳಿ ಇದ್ರೆ ರಾಜ್ಯ ಮಾಲಿನ್ಯ ಮಂಡಳಿಯಿಂದ ಶೆಡ್ ಕಟ್ಟೋ ಮುಂಚೆ ಒಂದು ಒಪ್ಪಿಗೆ, ಸಾಕೋಕೆ ಶುರು ಮಾಡೋ ಮುಂಚೆ ಇನ್ನೊಂದು ಒಪ್ಪಿಗೆ, ಸಿಎಫ್‌ಇ ಸಿಎಫ್‌ಒ ಅಂತಾರಲ್ಲ ಅವೆರಡು, ತಗೋಬೇಕು. ನಿಮ್ದು 10 ಸಾವಿರ, ಅಷ್ಟು ದೂರ ಹೋಗ್ಬೇಕಿಲ್ಲ. ಮುಂದೆ 30 ಸಾವಿರ ಮಾಡ್ತೀವಿ, ಅರ್ಧ ಅಣ್ಣನ ಹೆಸರಲ್ಲಿ ಅರ್ಧ ತಮ್ಮನ ಹೆಸರಲ್ಲಿ ತೋರಿಸ್ತೀವಿ ಅನ್ನೋ ಐಡಿಯಾ ಮಾತ್ರ ಬೇಡ, ಅಲ್ಲಿ ನೋಡೋದು ಜಾಗಾನ, ಪಹಣಿ ಮೇಲಿನ ಹೆಸರನ್ನಲ್ಲ.

ನನಗೆ ಚಿಂತೆ ಆಗಿರೋದು ನೀವು ಕೊನೇಲಿ ಬರೆದಿರೋ 300 ಮೀಟರ್ ವಿಷಯ. ಅದೇ ಮಾರ್ಗಸೂಚೀಲಿ ಹೊಸ ಫಾರಂ ಅಂದ್ರೆ ಜನವಸತಿಯಿಂದ 500 ಮೀಟರ್ ದೂರ ಇರ್ಬೇಕು, ಹೊಳೆ, ಕೆರೆ, ಕಾಲುವೆ, ಕುಡಿಯೋ ನೀರಿನ ಬಾವಿ ಇಂಥದ್ರಿಂದ 100 ಮೀಟರ್, ನ್ಯಾಷನಲ್ ಹೈವೇಯಿಂದ 100 ಮೀಟರ್ ಅಂತಿದೆ. ನಿಮ್ಮ ಜಮೀನಿನ ಬದುವಿಂದ ಅಳೀಬೇಡಿ, ಶೆಡ್ ಬರೋ ಜಾಗದಿಂದ ಹತ್ತಿರದ ಮನೆಗೆ ನೇರವಾಗಿ ಎಷ್ಟಾಗುತ್ತೆ ಅಂತ ಮೊಬೈಲ್ ಮ್ಯಾಪಲ್ಲೇ ಅಳೆದು ನೋಡಿ. 500 ಸಿಗಲ್ಲ ಅಂದ್ರೆ ಅಲ್ಲಿ ಶೆಡ್ ಹಾಕ್ಬೇಡಿ ಅಂತಾನೇ ನಾನು ಹೇಳೋದು, ಅಣ್ಣ ತಮ್ಮಂದಿರ ಜೊತೆ ಜಮೀನು ಅದಲು ಬದಲು ಮಾಡ್ಕೊಳಿ, ಗುತ್ತಿಗೆಗೆ ಬೇರೆ ಜಾಗ ನೋಡಿ. ಯಾಕಂದ್ರೆ ಬ್ಯಾಂಕಿಂದ ಸಾಲ ತಂದು ಶೆಡ್ ಎಬ್ಬಿಸಿದ ಮೇಲೆ ಅದನ್ನ ಹೊತ್ಕೊಂಡು ಹೋಗೋಕಾಗಲ್ಲ, ಊರೂ ನಿಮ್ಮ ಕಡೆಗೇ ಬೆಳೆಯುತ್ತೆ ಹೊರತು ಹಿಂದೆ ಸರಿಯಲ್ಲ.

ಗಾಳಿ ದಿಕ್ಕನ್ನೂ ನೋಡಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಪಡುವಣದ ಕಡೆಯಿಂದ, ನೈರುತ್ಯದಿಂದ ಬೀಸುತ್ತೆ, ಗೊಬ್ಬರ ಒದ್ದೆ ಆಗಿ ವಾಸನೆ ಜಾಸ್ತಿ ಬರೋದೂ ಅದೇ ಟೈಮಲ್ಲಿ. ಶೆಡ್ಡು ಊರಿಗೆ ಪಡುವಣದಲ್ಲಿದ್ರೆ ಮಳೆಗಾಲ ಪೂರ್ತಿ ವಾಸನೆಯೆಲ್ಲ ನೇರ ಊರೊಳಗೇ ಹೋಗುತ್ತೆ. ಶೆಡ್ಡಿನ ಉದ್ದ ಪೂರ್ವ ಪಶ್ಚಿಮಕ್ಕೆ ಇರ್ಲಿ, ಬಿಸಿಲು ಒಳಗೆ ನುಗ್ಗಲ್ಲ, ಸೂರು ಚೆನ್ನಾಗಿ ಮುಂದಕ್ಕೆ ಬಿಡಿ, ಇರಚಲು ಹೊಡೆದು ಲಿಟ್ಟರ್, ಅಂದ್ರೆ ಕೋಳಿ ಕೆಳಗೆ ನೆಲಕ್ಕೆ ಹಾಸಿರೋ ಹೊಟ್ಟು, ನೆನೆಯಬಾರ್ದು. ಪಂಚಾಯ್ತಿಗೆ ಬರವಣಿಗೆಯಲ್ಲೇ ಅರ್ಜಿ ಕೊಟ್ಟು ಸ್ವೀಕೃತಿ ಇಸ್ಕೊಳಿ, ಬಾಯಿ ಮಾತಲ್ಲಿ ಹೇಳಿದ್ದನ್ನ ನಾಳೆ ಯಾರೂ ಒಪ್ಕೊಳಲ್ಲ.

ಪ್ರಶ್ನೆ: ನಮ್ಮ ಮನೆಯಿಂದ 150 ಮೀಟರಲ್ಲಿ ಮೊಟ್ಟೆ ಕೋಳಿ ಫಾರಂ ಇದೆ, ತುಂಬಾ ಹಳೇದು. ಈಗ ಎರಡು ವರ್ಷದಿಂದ ಕೋಳಿ ಜಾಸ್ತಿ ಮಾಡಿದಾರೆ, ಅವಾಗಿಂದ ನೊಣ ಅಂದ್ರೆ ಹೇಳತೀರದು, ಊಟಕ್ಕೆ ಕೂತ್ರೆ ಒಂದು ಕೈ ತಟ್ಟೆಗೆ ಒಂದು ಕೈ ನೊಣ ಓಡಿಸೋಕೆ, ಹಾಲು ಪಾತ್ರೆ ಮುಚ್ಚಳ ಒಂದು ನಿಮಿಷ ತೆಗೆಯೋ ಹಾಗಿಲ್ಲ, ನೆಂಟರು ಬರೋದೇ ಬಿಟ್ಟಿದಾರೆ. ಹೇಳಿದ್ರೆ ಫಾರಂ ನಿಮ್ಮ ಮನೆಗಿಂತ ಮುಂಚೆ ಇತ್ತು ಅಂತಾರೆ. ನಮಗೆ ದಾರಿ ಇದೆಯಾ ಮೇಡಂ ಇಲ್ಲ ಸರ್, ಯಾರು ಉತ್ತರ ಕೊಡ್ತೀರೋ ಗೊತ್ತಿಲ್ಲ, ದಯವಿಟ್ಟು ಹೇಳಿ.

ಉತ್ತರ: ದಾರಿ ಇದೆ ತಾಯಿ. ಹೊಸ ಫಾರಂಗೆ ಹೇಳಿರೋ 500 ಮೀಟರ್ ಲೆಕ್ಕ ಹಳೇ ಫಾರಂ ಮೇಲೆ ಹಾಕೋದು ಕಷ್ಟ, ಅದು ನಿಜ. ಆದ್ರೆ ಮುಂಚೆ ಇತ್ತು ಅನ್ನೋದು ಗಲೀಜು ಮಾಡೋಕೆ ಲೈಸೆನ್ಸ್ ಅಲ್ಲ.

ಮೊದಲು ನೊಣ ಎಲ್ಲಿಂದ ಬರುತ್ತೆ ಅಂತ ತಿಳ್ಕೊಂಡ್ರೆ ನಿಮ್ಮ ಮಾತಿಗೆ ತೂಕ ಬರುತ್ತೆ. ಒಂದು ಮೊಟ್ಟೆ ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಸಿ ಹಿಕ್ಕೆ ಹಾಕುತ್ತೆ, 10 ಸಾವಿರ ಕೋಳಿ ಅಂದ್ರೆ ದಿನಕ್ಕೆ ಒಂದು ಟನ್. ಅದು ಕೇಜ್ ಕೆಳಗೆ ಬಿದ್ದು ಕೂಡಲೇ ಒಣಗ್ತಾ ಹೋದ್ರೆ ಗೋಪುರದ ತರ ನಿಲ್ಲುತ್ತೆ, ಅದರಲ್ಲಿ ನೊಣ ಮೊಟ್ಟೆ ಇಟ್ರೂ ಹುಳ ಬದುಕಲ್ಲ. ಅದೇ ಒದ್ದೆ ಇದ್ರೆ ಅಂಬಲಿ ತರ ಹರಡ್ಕೊಂಡು ಬಿಡುತ್ತೆ, ಬೇಸಿಗೆ ಬಿಸಿಗೆ ಎಂಟು ಹತ್ತು ದಿನದಲ್ಲಿ ಮೊಟ್ಟೆ ಹುಳ ಆಗಿ ಹುಳ ನೊಣ ಆಗಿ ಹಾರುತ್ತೆ. ನಾನು ಪಶು ವೈದ್ಯ ಆಗಿ ಕೆಲಸದಲ್ಲಿದ್ದಾಗ ಇಂಥದ್ದೇ ಒಂದು ಜಗಳಕ್ಕೆ ಹೋಗಿದ್ದೆ, ಊರಿನವರೆಲ್ಲ ಗೇಟ್ ಮುಂದೆ ಕೂತಿದ್ರು, ಮಾಲೀಕ ದಿನಾ ಔಷಧಿ ಹೊಡಿತಾ ಇದೀನಿ ಇನ್ನೇನು ಮಾಡ್ಲಿ ಅಂತ ಅಳೋ ಹಾಗಾಗಿದ್ದ. ಒಳಗೆ ಹೋಗಿ ನೋಡಿದ್ರೆ ಕೋಳಿ ನೀರು ಕುಡಿಯೋ ನಿಪ್ಪಲ್ ಪೈಪ್ ಉದ್ದಕ್ಕೂ ತೊಟ್ಟು ತೊಟ್ಟು ಸೋರ್ತಾ ಇದೆ, ಕೆಳಗೆಲ್ಲ ಹುಳ ಮಿಜಿಗುಟ್ತಾ ಇದೆ. ನಿಪ್ಪಲ್ ಬದಲಾಯಿಸಿ, ನೀರಿನ ಪ್ರೆಷರ್ ಇಳಿಸಿ, ಒದ್ದೆ ಗೊಬ್ಬರ ಪೂರ್ತಿ ತೆಗೆಸಿ ಸುಣ್ಣ ಹಾಕಿಸಿದ್ವಿ, ಮೂರು ವಾರದಲ್ಲಿ ನೊಣ ಕಮ್ಮಿ ಆಯ್ತು. ದಿನಾ ಔಷಧಿ ಹೊಡೆಯೋದ್ರಿಂದ ಹಾರೋ ನೊಣ ಸಾಯುತ್ತೆ, ಗೊಬ್ಬರದೊಳಗಿನ ಹುಳಕ್ಕೆ ಏನೂ ಆಗಲ್ಲ, ಸ್ವಲ್ಪ ದಿನಕ್ಕೆ ನೊಣಕ್ಕೂ ಆ ಔಷಧಿ ನಾಟಲ್ಲ.

ಹಾಗಾಗಿ ಮೊದಲು ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಹೋಗಿ, ಜಗಳಕ್ಕಲ್ಲ, ಸೋರಿಕೆ ನಿಲ್ಲಿಸಿ, ಗೊಬ್ಬರ ಇಷ್ಟು ದಿನಕ್ಕೊಮ್ಮೆ ಸಾಗಿಸಿ ಅಂತ ಕೇಳಿ, ದಿನಾಂಕ ಹಾಕಿ ಬರೆಸ್ಕೊಳಿ. ಕೇಳ್ಲಿಲ್ಲ ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಎಲ್ಲರ ಸಹಿ ಹಾಕಿದ ದೂರು, ಜೊತೆಗೆ ದಿನಾಂಕ ಇರೋ ಫೋಟೋ ವಿಡಿಯೋ, ಮನೇಲಿ ಹೊಟ್ಟೆ ಕೆಟ್ಟು ಆಸ್ಪತ್ರೆಗೆ ಹೋಗಿದ್ರೆ ಆ ಚೀಟಿ. ನೈರ್ಮಲ್ಯ ನೋಡ್ಕೊಳೋದು ಗ್ರಾಮ ಪಂಚಾಯ್ತಿ ಕೆಲಸಾನೇ, 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನ ಅವರ ಮೇಲೆ ಹಾಕಿದೆ. ಈಗ ಕೋಳಿ ಜಾಸ್ತಿ ಮಾಡಿದಾರೆ ಅಂದ್ರಲ್ಲ, 25 ಸಾವಿರ ದಾಟಿದ್ರೆ ಮಾಲಿನ್ಯ ಮಂಡಳಿಯ ಪ್ರಾದೇಶಿಕ ಕಚೇರಿಗೂ ಬರೀರಿ, ಒಪ್ಪಿಗೆ ತಗೊಂಡಿದಾರಾ ಅಂತ ಮಾಹಿತಿ ಹಕ್ಕಲ್ಲಿ ಕೇಳಬಹುದು. ಇದ್ಯಾವುದಕ್ಕೂ ಬಗ್ಗಲಿಲ್ಲ ಅಂದ್ರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 152ನೇ ಸೆಕ್ಷನ್ ಇದೆ, ಹಿಂದೆ ಸಿಆರ್‌ಪಿಸಿ 133 ಅಂತಿತ್ತಲ್ಲ ಅದೇ. ಜನರ ಆರೋಗ್ಯಕ್ಕೆ, ನೆಮ್ಮದಿಗೆ ತೊಂದರೆ ಕೊಡೋ ಕಸುಬನ್ನ ಸರಿಪಡಿಸು ಇಲ್ಲಾ ನಿಲ್ಲಿಸು ಅಂತ ಆರ್ಡರ್ ಮಾಡೋ ಅಧಿಕಾರ ಉಪವಿಭಾಗಾಧಿಕಾರಿ (ಎಸಿ) ಅವರಿಗಿದೆ. ಅಲ್ಲಿ ಯಾರ ಮನೆ ಮುಂಚೆ ಕಟ್ಟಿದ್ದು ಅನ್ನೋದಕ್ಕಿಂತ ಈಗ ತೊಂದರೆ ಆಗ್ತಿದೆಯಾ ಅನ್ನೋದು ಮುಖ್ಯ.

ಪ್ರಶ್ನೆ: ಸತ್ತ ಕೋಳಿ ಏನು ಮಾಡ್ಬೇಕು? ನಮ್ಮ ಕಡೆ ಎಲ್ಲರೂ ಹಳ್ಳಕ್ಕೆ ಎಸೀತಾರೆ.

ಉತ್ತರ: ಎಸೀಬಾರ್ದು, ಖಂಡಿತಾ ಬೇಡ. ಬ್ರಾಯ್ಲರ್ ಬ್ಯಾಚಲ್ಲಿ ಎಲ್ಲಾ ಸರಿ ಇದ್ರೂ ನೂರಕ್ಕೆ ನಾಲ್ಕೈದು ಸಾಯೋದು ಮಾಮೂಲು, 10 ಸಾವಿರ ಮರಿ ಬಿಟ್ರೆ ಬ್ಯಾಚ್ ಮುಗಿಯೋದ್ರೊಳಗೆ ನಾನೂರು ಐನೂರು ಹೆಣ. ಅಷ್ಟನ್ನೂ ಹಳ್ಳಕ್ಕೆ ಹಾಕಿದ್ರೆ ನಾಯಿ ಎಳ್ಕೊಂಡು ಊರೆಲ್ಲ ಓಡಾಡುತ್ತೆ, ಕಾಗೆ ಕಚ್ಕೊಂಡು ಇನ್ನೊಂದು ಫಾರಂ ಮೇಲೆ ಬೀಳಿಸುತ್ತೆ, ರೋಗ ಹಬ್ಬೋದೇ ಹೀಗೆ. ಬಾವಿಯಿಂದ ದೂರದಲ್ಲಿ ಎತ್ತರದ ಜಾಗದಲ್ಲಿ ಗುಂಡಿ ತೆಗೆಸಿ, ತಳಕ್ಕೆ ನೀರು ಒಸರಬಾರ್ದು, ದಿನಾ ಸತ್ತಿದ್ದನ್ನ ಅವತ್ತೇ ಹಾಕಿ ಮೇಲೆ ಸುಣ್ಣ, ಮಣ್ಣು, ಮೇಲೆ ಗಟ್ಟಿ ಮುಚ್ಚಳ. ಸಾವು ಇದ್ದಕ್ಕಿದ್ದ ಹಾಗೆ ಜಾಸ್ತಿ ಆದ್ರೆ ಮಾತ್ರ ಹೂಳೋಕೆ ಮುಂಚೆ ಪಶು ಆಸ್ಪತ್ರೆಗೆ ಫೋನ್ ಮಾಡಿ. 2025ರ ಶುರುವಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಹಕ್ಕಿ ಜ್ವರ ಬಂದಿದ್ದು ನೆನಪಿರ್ಬೇಕು, ಹಾಗೆ ಬಂದ್ರೆ ಸುತ್ತ 1 ಕಿಲೋಮೀಟರ್ ರೋಗಪೀಡಿತ ವಲಯ, 10 ಕಿಲೋಮೀಟರ್ ತನಕ ಕಣ್ಗಾವಲು. ಒಬ್ರು ಮುಚ್ಚಿಟ್ರೆ ಸುತ್ತಲಿನ ಎಲ್ಲರ ಕೋಳಿನೂ ಹೋಗುತ್ತೆ.

ಪ್ರಶ್ನೆ: ಶೆಡ್‌ಗೆ ಪಂಚಾಯ್ತಿಯವರು ಕಮರ್ಷಿಯಲ್ ಬಿಲ್ಡಿಂಗ್ ಅಂತ ಕಂದಾಯ ಹಾಕಿದಾರೆ, ಕಟ್ಬೇಕಾ?

ಉತ್ತರ: ಕೋಳಿ ಸಾಕೋಕೆ ಮಾತ್ರ ಬಳಸೋ ಶೆಡ್ಡನ್ನ ವಾಣಿಜ್ಯ ಕಟ್ಟಡ ಅಂತ ತೆರಿಗೆ ಹಾಕೋ ಹಾಗಿಲ್ಲ ಅಂತ ಮೇಲೆ ಹೇಳಿದ ಹೈಕೋರ್ಟ್ ತೀರ್ಪಲ್ಲೇ ಇದೆ. ನೋಟಿಸ್‌ಗೆ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಿ, ಸುಮ್ನೆ ಕೂರಬೇಡಿ.

ಪ್ರಶ್ನೆ: ನಾನು ಫಾರಂ ಇಟ್ಟಿಲ್ಲ, ಹೊಲಕ್ಕೆ ಕೋಳಿ ಗೊಬ್ಬರ ತರಿಸ್ತೀನಿ. ಲಾರಿಯಲ್ಲಿ ಬಂದಿದ್ದನ್ನ ಬಾವಿ ಪಕ್ಕ ರಾಶಿ ಹಾಕಿದೀನಿ, ಮಳೆ ಬಂದ ಮೇಲೆ ಅಕ್ಕಪಕ್ಕದವರು ಗಲಾಟೆ ಮಾಡ್ತಿದಾರೆ. ನನ್ನದೇನು ತಪ್ಪು?

ಉತ್ತರ: ಜಾಗ ತಪ್ಪಾಗಿದೆ. ಫಾರಂನವರಿಗೆ ಬಾವಿಯಿಂದ 100 ಮೀಟರ್ ಅಂತ ಹೇಳಿರೋದು ಯಾಕೋ ಅದೇ ಕಾರಣ ನಿಮಗೂ ಅನ್ವಯಿಸುತ್ತೆ, ಮಳೆ ನೀರಲ್ಲಿ ಗೊಬ್ಬರದ ನೈಟ್ರೇಟು ಇಳಿದು ಬಾವಿ ಸೇರುತ್ತೆ, ನೈಟ್ರೇಟ್ ಜಾಸ್ತಿ ಇರೋ ನೀರು ಹಸುಗೂಸುಗಳಿಗೆ ಅಪಾಯ. ಆ ಬಾವಿ ನೀರು ಮನೆಯವರು ಕುಡೀತಿದ್ರೆ ಈಗಲೇ ಟೆಸ್ಟ್ ಮಾಡಿಸಿ. ರಾಶಿಯನ್ನ ಎತ್ತರದ ಗಟ್ಟಿ ನೆಲಕ್ಕೆ ಸಾಗಿಸಿ, ಸುತ್ತ ಸಣ್ಣ ಬದು ಹಾಕಿ. ಬರೀ ಕೋಳಿ ಗೊಬ್ಬರದಲ್ಲಿ ಸಾರಜನಕ ಜಾಸ್ತಿ, ಅದಕ್ಕೇ ಅಮೋನಿಯಾ ಆಗಿ ಕಣ್ಣು ಮೂಗು ಉರಿಸುತ್ತೆ, ಅಂದ್ರೆ ನೀವು ಕಾಸು ಕೊಟ್ಟು ತಂದಿದ್ದು ಗಾಳಿಗೆ ಹೋಗ್ತಿದೆ ಅಂತ. ಒಣ ಎಲೆ, ಜೋಳದ ದಂಟು, ತೆಂಗಿನ ನಾರಿನ ಪುಡಿ, ಏನು ಸಿಗುತ್ತೋ ಅದನ್ನ ಧಾರಾಳವಾಗಿ ಬೆರೆಸಿ ರಾಶಿ ಹಾಕಿದ್ರೆ ಒಳಗೆ 55 ಡಿಗ್ರಿ ಮೇಲೆ ಬಿಸಿ ಏಳುತ್ತೆ, ಆ ಬಿಸಿಗೆ ನೊಣದ ಹುಳ ಸಾಯುತ್ತೆ, ರೋಗದ ಸೂಕ್ಷ್ಮಾಣುಗಳೂ ಬಹುಪಾಲು ಹೋಗುತ್ತೆ. ಹೊರಗಿನ ಪದರ ಒಳಕ್ಕೆ ಬರೋ ಹಾಗೆ ವಾರಕ್ಕೊಮ್ಮೆ ಮಗುಚಬೇಕು, ಇಲ್ಲಾಂದ್ರೆ ಅಂಚಲ್ಲಿ ಹುಳ ಉಳ್ಕೊಳುತ್ತೆ. ಮಳೆ ಬಂದಾಗ ಟಾರ್ಪಾಲ್ ಹೊದಿಸಿ. ಹೊಲಕ್ಕೆ ಚೆಲ್ಲಿದ ದಿನವೇ ಉಳುಮೆ ಮಾಡಿ ಮಣ್ಣಲ್ಲಿ ಸೇರಿಸಿಬಿಡಿ, ಮರುದಿನಕ್ಕೆ ಬಿಡಬೇಡಿ.