ರೋಗಿ ನಗಿಸಿದರೆ ನಗಿ, ನೀವಾಗಿ ಶುರು ಮಾಡಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ: ಕ್ಯಾನ್ಸರ್ ಬಂದವರ ಮುಂದೆ ತಮಾಷೆ ಮಾಡಬಹುದಾ? ನೋವು ಕಮ್ಮಿ ಮಾಡೋದೇ ನನ್ನ ಕೆಲಸ. ಓಪಿಡಿಯಲ್ಲೂ ವಾರಕ್ಕೆ ನಾಲ್ಕು ಸಲ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ, ಒಂದು ಸಲ ಬರೆದೇಬಿಡ್ತೀನಿ.

*ಅಪ್ಪನಿಗೆ 61. ಬಾಯಿ ಕ್ಯಾನ್ಸರ್. ಆಪರೇಷನ್ ಆಗಿ ಈಗ ರೇಡಿಯೇಷನ್ ನಡೀತಿದೆ, 18 ಸಿಟ್ಟಿಂಗ್ ಮುಗಿದಿವೆ. ನೋಡಲು ಬಂದವರಿಗೆಲ್ಲ ‘ಯಮ ಬಂದಿದ್ದ, ಟೋಕನ್ ತಗೊಂಡು ಕೂತ್ಕೋ ಅಂದೆ’ ಅಂತಾರೆ. ಅಮ್ಮ ಒಳಗೆ ಹೋಗಿ ಅಳ್ತಾರೆ. ಮೊನ್ನೆ ಚಿಕ್ಕಪ್ಪ ‘ಗುಟ್ಕಾ ಕಂಪನಿಯೋರು ನಿಂಗೆ ಸನ್ಮಾನ ಮಾಡ್ಬೇಕು ಬಿಡಣ್ಣ’ ಅಂದ. ಅಪ್ಪ ಎರಡು ದಿನ ಯಾರ ಹತ್ರಾನೂ ಮಾತಾಡಲಿಲ್ಲ. ನಾವು ನಗಬೇಕಾ, ಬೇಡವಾ?*
— ಓದುಗರು, ವಿದ್ಯಾನಗರ, ದಾವಣಗೆರೆ

ಅಪ್ಪನ ಮಾತಿಗೆ ಧಾರಾಳವಾಗಿ ನಗಿ. ಚಿಕ್ಕಪ್ಪನ ಬಾಯಿಗೆ ಬೀಗ ಹಾಕಿ.

ಅಪ್ಪ ಯಮನನ್ನ ಆಡಿಕೊಂಡರು, ಚಿಕ್ಕಪ್ಪ ಅಪ್ಪನನ್ನ ಆಡಿಕೊಂಡರು. ‘ತಿಂದೆ, ಅನುಭವಿಸು’ ಅನ್ನೋ ಮಾತಿಗೇ ಸಕ್ಕರೆ ಹಚ್ಚಿದ್ದು ಅದು. ಗುಟ್ಕಾ ಹಾಕಿದ ತಪ್ಪಿಗೆ ರಾತ್ರಿಯೆಲ್ಲ ಕೊರಗೋ ಮನುಷ್ಯನಿಗೆ ಅದನ್ನ ನಾಲ್ಕು ಜನರ ಮುಂದೆ ನೆನಪಿಸಬೇಕಾ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆಸ್ಪತ್ರೆ ಮೆಟ್ಟಿಲು ಹತ್ತಿದ ದಿನದಿಂದ ರೋಗಿಯ ಕೈಯಲ್ಲಿ ಏನೂ ಉಳಿದಿರಲ್ಲ. ಯಾವಾಗ ಏಳಬೇಕು, ಏನು ನುಂಗಬೇಕು, ಎಲ್ಲ ಬೇರೆಯವರೇ ಹೇಳ್ತಾರೆ. ತನ್ನ ಕಾಯಿಲೆಗೆ ಇವತ್ತು ಅಳಬೇಕೋ ನಗಬೇಕೋ ಅನ್ನೋದೊಂದಾದರೂ ಅವರಿಗೆ ಬಿಡಿ.

ನಾನೂ ಎಡವಿಯೇ ಕಲಿತವನು. ಕೀಮೋಗೆ ಕೂದಲು ಉದುರಿದ ಒಬ್ಬ ಅಜ್ಜಿ, ‘ಶಾಂಪೂ ಖರ್ಚು ಉಳೀತು ಡಾಕ್ಟ್ರೇ’ ಅಂತ ವಾರ್ಡನ್ನೆಲ್ಲ ನಗಿಸಿದ್ದರು. ಆ ಮಾತನ್ನ ನಾನು ಮರುವಾರ ಇನ್ನೊಬ್ಬ ಹೆಣ್ಣುಮಗಳಿಗೆ ಹೇಳಿದೆ. ಆಕೆ ಸೆರಗನ್ನ ಹಣೆವರೆಗೂ ಎಳೆದುಕೊಂಡರು. ಆಮೇಲೆ ನಾನು ಕೇಳಿದ ಯಾವ ಪ್ರಶ್ನೆಗೂ ತಲೆ ಎತ್ತಲಿಲ್ಲ. ಅವತ್ತಿಂದ ನಾನಾಗಿ ಜೋಕ್ ಶುರು ಮಾಡಲ್ಲ. ಜಾಸ್ತಿ ಎಚ್ಚರಿಕೆ ಅಂತೀರಾ? ಇರಲಿ ಬಿಡಿ.

ನಾಲಿಗೆಯ ಒಂದು ಭಾಗ ತೆಗೆಸಿಕೊಂಡಿದ್ದ ಒಬ್ಬರು ಮೊಮ್ಮಗಳ ಸ್ಲೇಟು ಹಿಡಿದು ಬರ್ತಿದ್ದರು. ಒಂದಿನ ಬರೆದು ತೋರಿಸಿದರು: ‘30 ವರ್ಷದಿಂದ ಬಾಯ್ಮುಚ್ಚು ಅಂತಿದ್ಲು. ಈಗ ಖುಷೀನಾ ಕೇಳ್ರಿ.’ ಮೊದಲು ನಕ್ಕಿದ್ದು ಅವರ ಹೆಂಡತಿ. ನಗ್ತಾನೇ ಸೆರಗಿಂದ ಸ್ಲೇಟು ಒರೆಸಿ, ‘ಸುಮ್ನೆ ನೋವು ಎಷ್ಟಿದೆ ಬರೀರಿ’ ಅಂದರು.

ಇನ್ನು ನಿಮ್ಮ ಅಮ್ಮ. ಅವರಿಗೆ ರಿಪೋರ್ಟ್ ಪೂರ್ತಿ ಗೊತ್ತಾ? ‘ಏನಿಲ್ಲ, ಗಡ್ಡೆ ಅಷ್ಟೇ’ ಅಂತ ಮುಚ್ಚಿಡೋ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಅರ್ಧಂಬರ್ಧ ಗೊತ್ತಿರೋರಿಗೆ ಯಮನ ಜೋಕ್ ಜೋಕಾಗಿ ಕೇಳಲ್ಲ. ಡಾಕ್ಟರ ಮುಂದೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಿ. ಅದಾದ ಮೇಲೂ ಅಳು ಬಂದರೆ ಅಳಲಿ. ‘ನಗ್ತಾ ಇರಮ್ಮಾ’ ಅಂತ ಪೀಡಿಸಬೇಡಿ.

ಅಪ್ಪನ ಜೋಕ್ ನಿಂತರೆ ಮಾತ್ರ ತಡ ಮಾಡಬೇಡಿ. ಬಾಯಿಗೆ ರೇಡಿಯೇಷನ್ ಕೊಟ್ಟಾಗ ಎರಡು ಮೂರು ವಾರಕ್ಕೆ ಹುಣ್ಣು ಏಳುತ್ತವೆ, ನೀರು ನುಂಗಿದರೂ ಉರಿ. ನಿಮ್ಮ ಅಪ್ಪ ಈಗ ಆ ಘಟ್ಟದಲ್ಲೇ ಇದ್ದಾರೆ. ಮಾತು ನಿಂತಿದ್ದಕ್ಕೆ ಚಿಕ್ಕಪ್ಪ ಒಬ್ಬರೇ ಕಾರಣ ಅಂದುಕೊಳ್ಳಬೇಡಿ. ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳಿ, ಆ ನಂಬರನ್ನ ಡಾಕ್ಟರಿಗೆ ಹೇಳಿ. ಅವರು ಮಾರ್ಫಿನ್ ಬರೆದರೆ ‘ಅದು ಸಾಯೋರಿಗೆ ಕೊಡೋದು’ ಅಂತ ವಾಪಸ್ ತರಬೇಡಿ. ಜೋರು ನೋವಿನ ಔಷಧಿ ಅದು, ಅಷ್ಟೇ. ಮಾದಕವಸ್ತು ಕಾನೂನಿನ ಗೋಜಲಿಂದ ಅದು ಸಿಗೋದೇ ಕಷ್ಟವಿತ್ತು, 2014ರ ತಿದ್ದುಪಡಿ ದಾರಿ ಸಲೀಸು ಮಾಡಿತು. ಈಗ ನಮ್ಮ ಜನರ ಭಯವೂ ಅಡ್ಡ.

‘ನಾನು ಹೋದರೆ ನಿಮಗೂ ಖರ್ಚು ಉಳಿಯುತ್ತೆ’ ಅನ್ನೋ ಧಾಟಿಯ ಜೋಕ್ ಬಂದರೆ ನಗಬೇಡಿ. ‘ಸಾಯೋ ಯೋಚನೆ ಬರ್ತಿದೆಯಾ ಅಪ್ಪಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು. ‘ಹೌದು’ ಅಂದರೆ ಒಬ್ಬರನ್ನೇ ಬಿಡಬೇಡಿ, ಡಾಕ್ಟರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

*ದಿನಾ ನಗೆಕೂಟಕ್ಕೆ ಹೋದರೆ ಕ್ಯಾನ್ಸರ್ ವಾಸಿಯಾಗುತ್ತಾ? — ಹರಿಹರ*

ಇಲ್ಲ. ನಗೆಕೂಟ ಅಂದರೆ 1995ರಲ್ಲಿ ಮುಂಬೈನ ಪಾರ್ಕಲ್ಲಿ ಡಾಕ್ಟರ್ ಮದನ್ ಕಟಾರಿಯಾ ಐದು ಜನರ ಜೊತೆ ಶುರು ಮಾಡಿದ ನಗುವ ವ್ಯಾಯಾಮ. ಮನಸ್ಸು ಹಗುರಾಗುತ್ತೆ, ಹೋಗಿ. ಗಡ್ಡೆಗೆ ಜೋಕ್ ಅರ್ಥ ಆಗಲ್ಲ.

*ಭಾವನನ್ನ ನೋಡೋಕೆ ಹೋಗ್ತಿದ್ದೀನಿ, ಹೇಳೋಕೆ ನಾಲ್ಕು ಒಳ್ಳೆ ಜೋಕ್ ಕಳಿಸಿ. — ಹೊಳಲ್ಕೆರೆ*

ಹದಿನೈದು ನಿಮಿಷ ಸುಮ್ನೆ ಕೂತು ಬನ್ನಿ.

*ಲೋಟ, ತಟ್ಟೆ ಬೇರೆ ಇಡಬೇಕಾ? — ಚಿತ್ರದುರ್ಗ*

ಬೇಡ. ಕ್ಯಾನ್ಸರ್ ಎಂಜಲಿಂದ ಅಂಟಲ್ಲ. ಎಷ್ಟು ಸಲ ಬರೆಯಲಿ?

*ವಾಟ್ಸಾಪಲ್ಲಿ ಬಂದ ಲಕ್ಷ್ಮಣಫಲ ಕೊಡ್ತಿದ್ದೀವಿ, ಕೀಮೋ ನಿಲ್ಲಿಸಬಹುದಾ? — ಜಗಳೂರು*

ನಿಲ್ಲಿಸಬೇಡಿ. ಆ ಹಣ್ಣಿಂದ ಮನುಷ್ಯರ ಕ್ಯಾನ್ಸರ್ ವಾಸಿಯಾಗುತ್ತೆ ಅನ್ನೋಕೆ ಆಧಾರ ಇಲ್ಲ. ‘ಗ್ಯಾರಂಟಿ’ ಅಂತ ಪುಡಿ ಮಾರೋನ ಹತ್ರ ಬಯಾಪ್ಸಿ ರಿಪೋರ್ಟ್ ಓದಿಸಿ ನೋಡಿ, ಗೊತ್ತಾಗುತ್ತೆ. ಹಣ್ಣೇ ಕೊಡಬೇಕು ಅಂದರೆ ಬಾಳೆಹಣ್ಣು ಕಿವುಚಿ ಕೊಡಿ, ನುಂಗೋಕಾದರೂ ಸಲೀಸು.